ಸಂಪಾದಕರ ಪ್ರತಿ

ಬೆಳಿಗ್ಗೆ ಏಳೂಕಾಲಿಗೆ ಶಿವಲಿಂಗಮ್ಮ ಜಾಲಹಳ್ಳಿಯ ಆ ಮನೆಯ ಮುಂದೆ ಆಟೋದಿಂದ ‘ಸುರಾಗ್’ ಪತ್ರಿಕೆಯ ಕಟ್ಟುಗಳನ್ನು ಇಳಿಸುತ್ತಿದ್ದಾಗ, ಅದರ ಸಂಪಾದಕ ಗುಲಾಮ್ ದಸ್ತಗೀರ್ ತೀರಿಕೊಂಡು ಎರಡು ಗಂಟೆಯಾಗಿತ್ತು.

ಗೇಟಿನ ಬಳಿ ಚಪ್ಪಲಿಗಳ ರಾಶಿ ಕಂಡು ಅವಳು ಅಲ್ಲೇ ನಿಂತಳು. ಪಕ್ಕದ ಮನೆಯ ಮಾರಕ್ಕ ಓಡಿಬಂದು ಕೈ ಹಿಡಿದುಕೊಂಡಳು.

“ಬೆಳಗಿನ ಜಾವ ಎದೆ ನೋವು ಅಂದ್ರಂತೆ ಕಣೇ. ಆಸ್ಪತ್ರೆಗೆ ಹೊರಡೋಣ ಅಂತ ಶರ್ಟು ಹಾಕ್ಕೊಳ್ಳೋಷ್ಟರಲ್ಲಿ ಹೋಗ್ಬಿಟ್ರು.”

“ನೆನ್ನೆ ಸಂಜೆ ಫೋನ್ ಮಾಡಿದ್ರಲ್ಲಕ್ಕಾ! ಬರ್ತಾ ಗೋಂದು ತಗೊಂಡ್ಬಾ ಅಂದ್ರು.”

ಗೋಂದಿನ ಡಬ್ಬಿ ಅವಳ ಕೈಯಲ್ಲೇ ಇತ್ತು.

ಮಗ ಇಮ್ತಿಯಾಜ್ ಹೊರಗೆ ಬಂದ. ಪೀಣ್ಯದಲ್ಲಿ ಲೇತ್ ಮಷಿನ್ ಇಟ್ಟುಕೊಂಡವನು. ಅತ್ತು ಮುಖ ಊದಿತ್ತು. “ಇವನ್ನ ವಾಪಸ್ ತಗೊಂಡ್ಹೋಗಿ ಅಕ್ಕ. ಇವತ್ತು ಇದೆಲ್ಲ ಬೇಡ.”

ಶಿವಲಿಂಗಮ್ಮ ಹೂಂ ಎಂದಳು, ಆದರೆ ಕಾಲು ಕದಲಲಿಲ್ಲ. ಅಂದು ಹತ್ತನೇ ತಾರೀಕು. ಪತ್ರಿಕೆಯನ್ನು ಅಂಚೆಗೆ ಹಾಕಲು ನಿಗದಿಯಾದ ದಿನ. ಮೂರು ಗಂಟೆಗೆ ಕೌಂಟರ್ ಮುಚ್ಚಿದರೆ ‘ಸುರಾಗ್’ ಮೊಟ್ಟಮೊದಲ ಬಾರಿಗೆ ದಿನ ತಪ್ಪುತ್ತಿತ್ತು.

ಒಳಗಿನಿಂದ ದಸ್ತಗೀರರ ಹೆಂಡತಿ ಖೈರುನ್ನಿಸಾರ ದನಿ ಕೇಳಿತು. “ಒಳಗೆ ತಂದಿಡು ಶಿವಲಿಂಗಮ್ಮಾ. ಮೋಡ ಆಗಿದೆ, ನೆಂದ್ರೆ ಕಷ್ಟ.”

* * *

ಸುರಾಗ್ ಅಂದರೆ ಜಾಡು. ತುಮಕೂರಿನ ಉರ್ದು ಮಾಸ್ತರರೊಬ್ಬರು 1971ರಲ್ಲಿ ಆರಂಭಿಸಿದ ಮಾಸಿಕ ಅದು. ಹಳೆಯ ದಖ್ಖನಿ ಹಸ್ತಪ್ರತಿ, ಗೋರಿಕಲ್ಲಿನ ಬರಹ, ಊರೂರಿನ ಹೆಸರಿನ ಮೂಲ, ಕೊನೆಯ ಪುಟಗಳಲ್ಲಿ ಗಜಲ್. ಮೊದಲು ಕೈಬರಹದ ಕಾತಿಬರು ಬರೆದುಕೊಡುತ್ತಿದ್ದರು, ಆಮೇಲೆ ಕಂಪ್ಯೂಟರ್ ಬಂತು. ಮಾಸ್ತರರು ತೀರಿಕೊಂಡ ತಿಂಗಳೂ ಅವರ ಶಿಷ್ಯ ದಸ್ತಗೀರ್ ಸಂಚಿಕೆ ನಿಲ್ಲಲು ಬಿಡಲಿಲ್ಲ. ಹಗಲು ಗಡಿಯಾರದ ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸ, ಸಂಜೆ ಪತ್ರಿಕೆ. ನಿವೃತ್ತಿಯಾದ ಮೇಲೆ ಹಗಲೂ ಅದೇ.

ದಾಸರಹಳ್ಳಿಯಲ್ಲಿ ಬೈಂಡಿಂಗ್ ಅಂಗಡಿ ಇಟ್ಟಿದ್ದ ಶಿವಲಿಂಗಮ್ಮ ಮೊದಲ ಸಲ, ಬಲದಿಂದ ಎಡಕ್ಕೆ ಓದುವ ಆ ಉರ್ದು ಪತ್ರಿಕೆಯ ಇಡೀ ಸಂಚಿಕೆಗೆ ಕನ್ನಡ ಪುಸ್ತಕದಂತೆ ಎಡಗಡೆ ಪಿನ್ನು ಹೊಡೆದಿದ್ದಳು. ದಸ್ತಗೀರ್ ನೋಡಿ, ಕನ್ನಡಕ ತೆಗೆದು ನಕ್ಕಿದ್ದರು. “ನಮ್ಮ ಓದುಗರಿಗೆ ಈ ತಿಂಗಳು ಉಪಸಂಹಾರ ಮೊದಲು ಸಿಗುತ್ತೆ ಬಿಡಮ್ಮ.” ಆಮೇಲೆ ಇಬ್ಬರೂ ಕೂತು ಒಂದೊಂದೇ ಪಿನ್ನು ಕಿತ್ತಿದ್ದರು.

ಅಂದೇ ಅವಳು ಇನ್ನೊಂದನ್ನು ಗಮನಿಸಿದ್ದು. ಅವರು ತಮ್ಮ ಹೆಸರಿಗೂ ಒಂದು ಪ್ರತಿ ಸುತ್ತಿ, ವಿಳಾಸ ಅಂಟಿಸಿದರು.

“ಇದೇನ್ ಸಾರ್, ಮನೇಲಿರೋ ಪುಸ್ತಕಾನ ಮನೆಗೇ ಪೋಸ್ಟ್ ಮಾಡ್ತೀರಾ?”

“ಕಾರ್ಖಾನೇಲಿ ಎಷ್ಟೇ ಗಡಿಯಾರ ಮಾಡಿದ್ರೂ ಒಂದನ್ನ ತೆಗೆದು ನೋಡ್ತೀವಮ್ಮ. ಇದು ಮೂಲೆ ಮಡಚದೆ ನನ್ನ ಕೈ ಸೇರಿದ್ರೆ ಎಲ್ಲರಿಗೂ ಸೇರ್ತು ಅಂತ.”

ಪ್ರತಿ ತಿಂಗಳೂ ಅದು ಬರುತ್ತಿತ್ತು. ಅವರು ನಾಲ್ಕು ಮೂಲೆ ಸವರಿ ನೋಡಿ ಒಳಗೆ ಕೂಗುತ್ತಿದ್ದರು: “ಎಲ್ಲರಿಗೂ ಬಂತು!”

* * *

ಮಧ್ಯಾಹ್ನದ ನಮಾಜಿನ ಹೊತ್ತಿಗೆ ಜನಾಜಾ ಹೊರಡಬೇಕಿತ್ತು. ಮುಖ ನೋಡಲು ಕರೆದಾಗ ಶಿವಲಿಂಗಮ್ಮ ಸೆರಗು ಹೊದ್ದು ಹೋದಳು. ಬಿಳಿ ಬಟ್ಟೆಯ ನಡುವೆ ಅವರ ಮುಖ, ಕನ್ನಡಕವಿಲ್ಲದೆ, ಬೇರೆ ಯಾರದೋ ಎಂಬಂತೆ ಚಿಕ್ಕದಾಗಿತ್ತು.

ಬಾಗಿಲ ಬಳಿ ಖೈರುನ್ನಿಸಾ ಮಗನಿಗೆ ಹೇಳುತ್ತಿದ್ದರು. “ನೀವು ಗಂಡಸರು ಖಬರಸ್ತಾನಕ್ಕೆ ಹೋಗ್ತೀರ. ನಾವು ಹೆಂಗಸರು ಇಲ್ಲೇ ಕೂತಿರ್ತೀವಿ. ಅಳ್ತಾ ಅಳ್ತಾನೇ ಗೋಂದು ಹಚ್ಚಬಹುದು.”

“ಜನ ಏನಂತಾರೆ ಅಮ್ಮೀ? ಸಾವಿನ ಮನೇಲಿ ಪೋಸ್ಟಿನ ಕೆಲಸಾನಾ? ಮುಂದಿನ ತಿಂಗಳು ಇದನ್ನ ಯಾರು ಮಾಡ್ತಾರೆ?”

“ಮುಂದಿನ ತಿಂಗಳ ಮಾತು ಬೇಡ ಬೇಟಾ. ಇದು ಅವರು ಮುಗಿಸಿಟ್ಟಿದ್ದು.”

ಇಮ್ತಿಯಾಜ್ ಹೋಗಿ ಹೆಗಲು ಕೊಟ್ಟ.

ಗಂಡಸರು ಬೀದಿಯ ತಿರುವು ದಾಟಿದರು. ಒಂದು ಕೋಣೆಯಲ್ಲಿ ಹೆಂಗಸರು ಕುರಾನ್ ಓದಲು ಕೂತರು. ಇನ್ನೊಂದರಲ್ಲಿ ಶಿವಲಿಂಗಮ್ಮ ಕಟ್ಟು ಬಿಚ್ಚಿದಳು. ಮಾರಕ್ಕ ಕಾಗದ ಸುತ್ತಿದಳು, ಖೈರುನ್ನಿಸಾ ಗೋಂದು ಹಚ್ಚಿದರು.

“ಅಲ್ಲ ಕಣ್ರೀ, ಪುಸ್ತಕ ಬಲಗಡೆಯಿಂದ ಓದೋದು, ವಿಳಾಸ ಎಡಗಡೆಯಿಂದ. ಪೋಸ್ಟ್‌ಮನ್‌ಗೆ ತಲೆ ತಿರುಗಲ್ವಾ?” ಎಂದಳು ಮಾರಕ್ಕ.

ಬೆಳಗಿನಿಂದ ಮೊದಲ ಸಲ ಖೈರುನ್ನಿಸಾರ ತುಟಿ ಅರಳಿತು. “ಮದುವೆಯಾದ ಹೊಸದ್ರಲ್ಲಿ ನಂಗೇ ತಿರುಗಿತ್ತು.”

ವಿಳಾಸದ ಚೀಟಿಗಳು ಮುಗಿಯುತ್ತಾ ಬಂದವು. ಮಾರಕ್ಕ ಒಂದನ್ನು ಎತ್ತಿ ಹಿಡಿದಳು. “ಇದು ಯಜಮಾನ್ರದು. ತೆಗೆದಿಡ್ಲಾ?”

ಖೈರುನ್ನಿಸಾ ಚೀಟಿಯನ್ನು ಅಂಗೈಯಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಅದರ ಹಿಂದೆ ಗೋಂದು ಹಚ್ಚಿ, ತಾವೇ ಅಂಟಿಸಿ, ಸೆರಗಿನ ತುದಿಯಿಂದ ಒತ್ತಿದರು.

“ಇದು ಹೋಗದಿದ್ರೆ ಉಳಿದಿದ್ದು ಸೇರ್ತೋ ಇಲ್ವೋ ಹೆಂಗೆ ಗೊತ್ತಾಗೋದು?”

ಶಿವಲಿಂಗಮ್ಮ ಎರಡೂಮುಕ್ಕಾಲಿಗೆ ಅಂಚೆ ಕಚೇರಿ ಮುಟ್ಟಿದಳು. ಕೌಂಟರಿನವರು ಅವಳ ಹಿಂದೆ ಇಣುಕಿದರು. “ಎಲ್ಲಮ್ಮಾ, ಸಾಹೇಬ್ರು ಬರ್ಲಿಲ್ವಾ?”

“ಇವತ್ತು ಆಗ್ಲಿಲ್ಲ ಸಾರ್,” ಎಂದಳು.

* * *

ಮೂರನೇ ದಿನದ ಪ್ರಾರ್ಥನೆಗೆ ಬಂದವರು ಅಂಗಳದಲ್ಲಿ ಕೂತಿದ್ದಾಗ ಪೋಸ್ಟ್‌ಮನ್ ಗೇಟಿನ ಹೊರಗೆ ನಿಂತು ಎಂದಿನಂತೆ ಕೂಗಿದ: “ದಸ್ತಗೀರ್ ಸಾರ್, ಪುಸ್ತಕ!”

ಇಮ್ತಿಯಾಜ್ ಎದ್ದುಹೋಗಿ ತೆಗೆದುಕೊಂಡ. ಅಲ್ಲೇ ನಿಂತು ಹೆಬ್ಬೆರಳಿನಿಂದ ಮೂಲೆಗಳನ್ನು ಒಂದೊಂದಾಗಿ ಸವರಿದ. ಒಳಗೆ ಹೋಗಿ, ಹೆಂಗಸರು ಕೂತಿದ್ದ ಕೋಣೆಯ ಪರದೆಯ ಈಚೆ ನಿಂತ.

“ಅಮ್ಮೀ, ಎಲ್ಲರಿಗೂ ಬಂತು.”

ಪರದೆಯ ಕೆಳಗಿನಿಂದ ಖೈರುನ್ನಿಸಾರ ಕೈ ಬಂತು. ಅವನು ಪುಸ್ತಕವನ್ನು ಆ ಕೈಯಲ್ಲಿಟ್ಟ.