ನಿದ್ದೆಗೇಡಿ

ಮಿಯಾಪುರದ ಆ ಅಪಾರ್ಟ್‌ಮೆಂಟಿನಲ್ಲಿ ಭೀಮಾಶಂಕರನಿಗಿಂತ ಮೊದಲು ಕಾಗೆಯೂ ಏಳುತ್ತಿರಲಿಲ್ಲ. ಹಾಗಂತ ಅವನೇ ಹೇಳಿಕೊಳ್ಳುತ್ತಿದ್ದ. ಇಂಡಿ ತಾಲ್ಲೂಕಿನ ಕಡೆಯಿಂದ ಬಂದು ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿ ಅಧಿಕಾರಿಯಾದವನು. ತಾನು ಮೇಲೆ ಬಂದದ್ದೇ ನಿದ್ದೆ ಬಿಟ್ಟು ಎಂದು ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಉಪದೇಶ. "ಭಾಳ ಮಲಗವ್ರು ಎಮ್ಮಿ ಇದ್ದಂಗ್ರಿ" ಎನ್ನುತ್ತಿದ್ದ.

ಅದೇ ಮನುಷ್ಯ ಕಾರ್ಖಾನೆಯ ಬಸ್ಸಿನಲ್ಲಿ ಹೋಗುವಾಗ ಬಾಯಿ ತೆರೆದು ಗೊರಕೆ, ಬರುವಾಗ ಪಕ್ಕದವನ ಹೆಗಲ ಮೇಲೆ ಗೊರಕೆ. ಭಾನುವಾರ ಊಟ ಮುಗಿಸಿ ಸೋಫಾಕ್ಕೆ ಒರಗಿದರೆ ಏಳುವುದು ದೀಪ ಹಚ್ಚುವ ಹೊತ್ತಿಗೆ. "ಮಲಗಿದ್ದಿಲ್ಲ, ವಿಚಾರ ಮಾಡಾಕತ್ತಿದ್ದೆ" ಎಂದು ಜೊಲ್ಲು ಒರೆಸಿಕೊಳ್ಳುತ್ತ ಹೇಳುವಷ್ಟು ನಾಚಿಕೆಗೆಟ್ಟವನು.

ನಿಜವಾಗಿ ನಿದ್ದೆಗೆಟ್ಟವಳು ಅವನ ಹೆಂಡತಿ ಸುಭದ್ರಾ. ರಾತ್ರಿ ಟಿವಿಯಲ್ಲಿ ಚರ್ಚೆಯ ಕಿರುಚಾಟ ಮುಗಿದು ಅವನು ಊಟಕ್ಕೆ ಏಳುವ ತನಕ ರೊಟ್ಟಿ ಬಡಿಯಲು ಕಾಯಬೇಕು. ಬೆಳಕು ಹರಿಯುವ ಮುಂಚೆ ಅವನಿಗೆ ಬಿಸಿನೀರು, ಚಹಾ ತಯಾರಿರಬೇಕು. ಮಧ್ಯಾಹ್ನ ತುಸು ಅಡ್ಡಾದರೆ ಆಫೀಸಿನಿಂದ ಫೋನು: "ಮತ್ತ ಮಲಗೀಯೇನು?"

ಅವಳಿಗೆ ತಲೆನೋವು ಬಿಡದಾಯಿತು. ಸಾರಿಗೆ ಉಪ್ಪು ಹಾಕಿದ್ದು ಮರೆತು ಮತ್ತೆ ಹಾಕುತ್ತಿದ್ದಳು. ಸಣ್ಣ ಮಾತಿಗೂ ಕಣ್ಣಲ್ಲಿ ನೀರು. "ಸೊಕ್ಕು" ಎಂದ ಗಂಡ. ಒಂದು ದಿನ ಅಬಿಡ್ಸ್ ಪೇಟೆಯ ಅಂಗಡಿಯಲ್ಲಿ ಸೀರೆಯ ಸೆರಗು ಬಿಡಿಸಿ ನೋಡುತ್ತಿದ್ದವಳು ಕಣ್ಣು ಕತ್ತಲಾಗಿ ಅಲ್ಲೇ ಕುಸಿದಳು.

ಮನೆ ಹತ್ತಿರದ ಡಾಕ್ಟರು ಸುಹಾಸಿನಿ ಧಾರವಾಡದವರು. ಬಿಪಿ ನೋಡಿ ಹುಬ್ಬು ಗಂಟಿಕ್ಕಿದರು.

"ಗುಳಿಗಿ ಕೊಡ್ತೀನ್ರಿ. ಆದ್ರ ನಿದ್ದಿ ಇಲ್ಲದ ಮೈಗೆ ಬರೇ ಗುಳಿಗಿ ಏನ್ ಮಾಡೀತು? ರಾತ್ರಿ ಪೂರಾ ಮಲಗ್ರಿ. ಬಿಪಿ ಹಿಡಿತಕ್ಕ ಬರಾಕ ಅನುಕೂಲ ಆಕ್ಕೈತಿ, ತಲಿ ಹಗುರ ಆಕ್ಕೈತಿ, ಮನಸ್ಸಿನ ಭಾರಾನೂ ಇಳೀತೈತಿ."

ಭೀಮಾಶಂಕರ ನಕ್ಕ. "ನಿದ್ದಿನೂ ಔಷಧ ಏನ್ರಿ ಮೇಡಮ್? ಮನ್ಯಾಗ ಕೂತು ಉಣ್ಣಾಕಿಗೆ ಎಂಥಾ ದಣಿವು?"

ಡಾಕ್ಟರು ಅವನತ್ತ ನೋಡಲೂ ಇಲ್ಲ. "ನೀವು ಹೊರಗ ಕುಂದರ್ರಿ" ಎಂದರು.

ಗಂಡನನ್ನು ಹೀಗೂ ಹೊರಗೆ ಕಳಿಸಬಹುದೆಂದು ಸುಭದ್ರಾಗೆ ಅಂದೇ ಗೊತ್ತಾಯಿತು.

ಅವತ್ತು ಕತ್ತಲಾಗುತ್ತಿದ್ದಂತೆ ರೊಟ್ಟಿ ಬಡಿದು ಮುಚ್ಚಿಟ್ಟಳು. ಹಾಸ್ಟೆಲಿನಲ್ಲಿದ್ದ ಮಗಳು ಮಾನಸಾಳ ಕೋಣೆಗೆ ಹೋಗಿ, ಫೋನು ಆಫ್ ಮಾಡಿ, ಒಳಗಿಂದ ಚಿಲಕ ಹಾಕಿದಳು. ಬೆಳಗಿನ ಜಾವ ಅವನು ಬಾಗಿಲು ಬಡಿದ, ಕೂಗಿದ. ಅವಳಿಗೆ ಎಚ್ಚರವಾಗಲಿಲ್ಲ. ಮುಖದ ಮೇಲೆ ಬಿಸಿಲು ಬಿದ್ದಾಗ ಎದ್ದು ಹೊರಗೆ ಬಂದರೆ ಒಲೆಯ ತುಂಬ ಹಾಲು ಉಕ್ಕಿ ಕರಕಲಾಗಿತ್ತು. ದೇಶದ ರಕ್ಷಣೆಗೆ ದುಡಿಯುವ ಅಧಿಕಾರಿ ಬನಿಯನ್ನಿನಲ್ಲಿ ನಿಂತು ಚಹಾಪುಡಿ ಡಬ್ಬಿ ಹುಡುಕುತ್ತಿದ್ದ.

"ಇದೇನು ಮನೀನೋ, ಧರ್ಮಶಾಲಿನೋ?" ಎಂದು ಗುಡುಗಿದ.

"ಡಬ್ಬಿ ನಿಮ್ಮ ಮುಂದ ಐತಿ ನೋಡ್ರಿ" ಎಂದು ಅವಳು ಮುಖ ತೊಳೆಯಲು ಹೋದಳು.

ಅವನು ಮುನಿಸಿಕೊಂಡ, ಊಟ ಬಿಟ್ಟ, ಊರಿಗೆ ಫೋನು ಹಚ್ಚಿ ಅತ್ತ. ಅವಳು ಮಾತ್ರ ದಿನವೂ ಮಲಗಿದಳು. ಮಳೆಗಾಲ ಮುಗಿಯುವಷ್ಟರಲ್ಲಿ ಬಿಪಿ ಹಿಡಿತಕ್ಕೆ ಬಂತು. ಸಾರಿನ ರುಚಿ ಮರಳಿತು. ಗಂಡ ರೇಗಿದರೆ ಈಗ ಎದೆ ಹೊಡೆದುಕೊಳ್ಳುತ್ತಿರಲಿಲ್ಲ; ಅವನ ಮೂಗಿನ ಹೊಳ್ಳೆ ಅರಳುವುದನ್ನು ನೋಡಿ ನಗು ಬರುತ್ತಿತ್ತು.

ಅಪಾರ್ಟ್‌ಮೆಂಟಿನವರು ಆರೋಗ್ಯ ಶಿಬಿರ ಇಟ್ಟುಕೊಂಡಾಗ ಮೈಕ್ ಹಿಡಿದವನು ಭೀಮಾಶಂಕರನೇ. "ನಿದ್ದಿ ಅಮೃತ ಇದ್ದಂಗ್ರಿ! ಬಂದಾಗ ತಡೀಬಾರ್ದು. ನಾನೇ ನಮ್ಮಾಕಿಗೆ ಹೇಳಿ ಹೇಳಿ ಮಲಗಿಸಿ ಬಿಪಿ ಇಳಿಸೀನಿ!"

ಪಕ್ಕದ ಮನೆಯ ಭವಾನಿ ಸುಭದ್ರಾಳ ಕೈ ಒತ್ತಿದಳು. "ಎಂಥಾ ಗಂಡನ್ನ ಪಡದೀರಿ ವೈನಿ!"

ಸುಭದ್ರಾ ಎದ್ದು, ಎಲ್ಲರ ಮುಂದೆ ಒಮ್ಮೆ ಆಕಳಿಸಿ, ಮನೆಗೆ ನಡೆದಳು.

ಸಂಜೆ ಅವನು ಉರಿಯುತ್ತ ಬಂದ. "ನಾ ಮಾತಾಡುವಾಗ ನಡುವ ಎದ್ದು ಬಂದ್ಯಲ್ಲ, ಮಂದಿ ಏನಂದಾರು?"

"ನಿದ್ದಿ ಬಂತ್ರಿ" ಎಂದಳು ಅವಳು. "ತಡೀಬಾರ್ದು ಅಂತ ನೀವೇ ಹೇಳಿದ್ರಲ್ಲ."