ಫೋಟೊಕ್ಕೆ ಕಾದ ಬಾಳೆ ಮೀನು

ಬಾಳೆ ಮೀನಿಗೆ ಮೀಸೆ ಇದೆ, ನಮ್ಮ ಮೀನುಗಾರರ ಸಂಘದ ಅಧ್ಯಕ್ಷ ಅಮಸಿದ್ದಪ್ಪನಿಗೂ ಇದೆ. ಇಬ್ಬರಲ್ಲಿ ಮೀನಿಗೇ ಬುದ್ಧಿ ಹೆಚ್ಚು ಎಂದರೆ ನನ್ನ ಗಂಡ ಮಲೀಕಸಾಬ ಬಾಯಿ ಮುಚ್ಚು ಎನ್ನುತ್ತಾನೆ. ಲಾಡಬಿ ಎಂಬ ನನ್ನ ಬಾಯಿ ಮುಚ್ಚಿಸುವುದು ಇಪ್ಪತ್ತಾರು ವರ್ಷದಿಂದ ಅವನಿಗೆ ಆಗಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ನಿಯಮ ಸರಿಯಾದದ್ದೇ. ಚಳಿಗಾಲದಲ್ಲಿ ಬಾಳೆ ಮೀನುಗಳು ಕೂಡಲಸಂಗಮದ ಮೇಲ್ಗಡೆ, ಮಲಪ್ರಭೆಯ ಮಡುವಿನ ತಳದಲ್ಲಿ ಒಂದಕ್ಕೊಂದು ಆತು ಮಲಗುತ್ತವೆ. ನೀರು ತಣ್ಣಗಾದರೆ ಅವಕ್ಕೆ ಓಡಲು ಮೈಯಲ್ಲಿ ಕಸುವಿರುವುದಿಲ್ಲ. ಹಿಂದೆ ನಾವೇ ಬುಟ್ಟಿಗಟ್ಟಲೆ ಬಾಚಿ ಹುನಗುಂದದ ಸಂತೆಗೆ ಹೊರುತ್ತಿದ್ದೆವು, ಈಗ ಕಾಣುವುದೇ ಅಪರೂಪ. ಅದಕ್ಕೇ ಸಂಘ ಠರಾವು ಮಾಡಿತು: ಚಳಿ ಮುಗಿಯುವವರೆಗೆ ಬಾಳೆ ಹಿಡಿಯಬಾರದು, ತಪ್ಪಿ ಬಲೆಗೆ ಬಿದ್ದರೆ ಸಂಘಕ್ಕೆ ತೋರಿಸಿ ಬಿಡಬೇಕು, ತಿಂದವರ ಲೈಸೆನ್ಸು ಅಲ್ಲಿಯವರೆಗೆ ರದ್ದು. ನಮಗೆ ಹೊಲವಿಲ್ಲ, ಬಲೆಯೇ ಹೊಲ. ಆದರೂ ಠರಾವಿನ ಪರ ನಾನು ಕೈ ಎತ್ತಿದ್ದೆ.

ಜನವರಿಯ ಒಂದು ಬೆಳಿಗ್ಗೆ ರೋಹು ಮೀನಿಗೆ ಹಾಕಿದ ನಮ್ಮ ಬಲೆಗೆ ನನ್ನ ಸೊಂಟದೆತ್ತರದ ಬಾಳೆ ಬಿತ್ತು. ಆಗಲೇ ಬಿಡಬೇಕಿತ್ತು. ನನ್ನ ಗಂಡನಿಗೆ ನಿಯಮದ ಮೇಲೆ ಭಕ್ತಿ. ಡ್ರಮ್ಮಿಗೆ ನೀರು ತುಂಬಿ, ಮೀನು ಇಳಿಸಿ, ಸಂಘದ ಕಾರ್ಯದರ್ಶಿ ರಾಜಕುಮಾರನಿಗೆ ಫೋನು ಮಾಡಿದ. ಅವನು ಬಂದು ನೋಡಿ ಹಿಗ್ಗಿಹೋದ.

"ಬಿಡಬ್ಯಾಡ್ರಿ ಅಕ್ಕಾ. ಅಧ್ಯಕ್ಷರು ತಮ್ಮ ಕೈಲೆ ಬಿಡ್ತಾರ. ಫೋಟೊ ಆಗಬೇಕು."

"ಅವರೆಲ್ಲಿ ಅದಾರ?"

"ಬಾಗಲಕೋಟಿಗೆ ಹೋಗ್ಯಾರ. ಮೀನ ಉಳಸೂದರ ಬಗ್ಗೆ ಭಾಷಣ ಐತಿ. ಬರೂ ಮುಂದ ಬ್ಯಾನರ್ ಮಾಡಿಸ್ಕೊಂಡು ಬರ್ತಾರ."

ಭಾಷಣ ಅಲ್ಲಿ, ಮೀನು ಇಲ್ಲಿ. ಹನ್ನೊಂದಾಯಿತು, ಒಂದಾಯಿತು. ಬ್ಯಾನರಿನಲ್ಲಿ ಮೀನಿನ ಚಿತ್ರ ಅಧ್ಯಕ್ಷರ ಚಿತ್ರಕ್ಕಿಂತ ದೊಡ್ಡದಾಗಿದೆಯಂತೆ, ಮತ್ತೆ ಅಚ್ಚು ಹಾಕಿಸಬೇಕಂತೆ ಎಂದು ಫೋನು ಬಂತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಮೀನು ಮೇಲೆ ಬಂದು ಬಾಯಿ ತೆರೆದು ಮುಚ್ಚತೊಡಗಿತು. ನಾನು ಕೊಡದಿಂದ ಹೊಸ ನೀರು ಸುರಿದೇ ಸುರಿದೆ. ಅದು ಹೊಟ್ಟೆ ಮೇಲೆ ಮಾಡಿದಾಗ ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

ರಾಜಕುಮಾರ ಚಹಾಕ್ಕೆ ಹೋದದ್ದೇ ತಡ, ಮೀನನ್ನು ಒದ್ದೆ ಗೋಣಿಚೀಲದಲ್ಲಿ ಸುತ್ತಿ ತಬ್ಬಿಕೊಂಡು ಮಡುವಿಗೆ ಓಡಿದೆ. ಗಂಡ ಹಿಂದೆಯೇ ಬಂದ.

"ಮೀನ ಕಾಣಲಿಲ್ಲಂದ್ರ ತಿಂದೀರಿ ಅಂತಾರ. ಲೈಸೆನ್ಸ್ ಹೋಗತೈತಿ."

"ಹೋಗ್ಲಿ. ಇದರ ಜೀವ ಹೋದ್ರ ಯಾವ ಆಫೀಸಿನ್ಯಾಗ ಸಿಗತೈತಿ?"

ಮೊಣಕಾಲುದ್ದ ನೀರಿನಲ್ಲಿ ಅದನ್ನು ಹಿಡಿದುಕೊಂಡು ಬಹಳ ಹೊತ್ತು ನಿಂತೆ. ಕೊನೆಗೆ ಅದು ಬಾಲ ಬಡಿದು, ನನ್ನ ಮುಖಕ್ಕೆ ನೀರು ಎರಚಿ, ಆಳಕ್ಕೆ ಹೋಯಿತು.

ನಾಲ್ಕಕ್ಕೆ ಅಮಸಿದ್ದಪ್ಪ ಬಂದ. ಜೊತೆಗೆ ಬ್ಯಾನರು, ಹೂವಿನ ಹಾರ, ಇಬ್ಬರು ಫೋಟೊದವರು. ಹಾರ ಮೀನಿಗೋ ಅವನಿಗೋ ಎಂದು ನಾನು ಕೇಳಲಿಲ್ಲ.

"ಮೀನ ಬಿಟ್ಟೀನ್ರಿ," ಎಂದೆ.

ಅವನು ಮೀಸೆ ತಿರುವಿದ. "ಫೋಟೊ ಇಲ್ಲದ ಬಿಟ್ರ ಅದು ಬಿಟ್ಟಂಗಲ್ಲ. ರಾಜಕುಮಾರ, ಇನ್ನೂ ಬಿಸಲೈತಿ, ನಾಕು ಬಲಿ ತರಸು. ಮಡುವಿಗಿ ಹಾಕೂನು. ಒಂದರೆ ಸಿಕ್ಕ ಸಿಗತೈತಿ. ಹಿಡದು ಬಿಡೂನು."

ಕಸುವಿಲ್ಲದೆ ತಳದಲ್ಲಿ ಮಲಗಿದ ಬಾಳೆಗಳು ನನ್ನ ಕಣ್ಣ ಮುಂದೆ ಬಂದವು. ನಾಲ್ಕು ಬಲೆ ಇಳಿದರೆ ಬರುವುದು ಒಂದಲ್ಲ, ಇದ್ದಬದ್ದವೆಲ್ಲ. ಮತ್ತೆ ಡ್ರಮ್ಮು, ಮತ್ತೆ ಫೋಟೊ.

"ಸುಳ್ಳ ಹೇಳೀನ್ರಿ ಅಧ್ಯಕ್ಷರ," ಎಂದೆ. "ಬಿಟ್ಟಿಲ್ಲ. ಕೊಯ್ದು ಸಾರು ಮಾಡಿ ತಿಂದೇವಿ. ಮಡುವಿನ್ಯಾಗ ಅದೊಂದ ಉಳದಿತ್ತು."

ಗಂಡ ನನ್ನ ಮುಖ ನೋಡಿದ, ನೆಲ ನೋಡಿದ. "ಹೌದ್ರಿ," ಎಂದ. ನನಗೆ ತಿಳಿದಂತೆ ಅವನು ಹೇಳಿದ ಮೊದಲ ಸುಳ್ಳು ಅದು.

ಅಮಸಿದ್ದಪ್ಪನ ಮುಖ ಅರಳಿತು. ಮೀನು ಬಿಡುವ ಫೋಟೊಗಿಂತ ಕಳ್ಳರನ್ನು ಹಿಡಿದ ಫೋಟೊ ಮೇಲು ಎಂದು ಅವನಿಗೆ ಹೊಳೆಯಲು ತಡವಾಗಲಿಲ್ಲ. ನಮ್ಮಿಬ್ಬರನ್ನು ಬ್ಯಾನರಿನ ಮುಂದೆ ನಿಲ್ಲಿಸಿ ಲೈಸೆನ್ಸನ್ನು ಎರಡು ಸಲ ಕಸಿದುಕೊಂಡ. ಮೊದಲನೆಯ ಫೋಟೊದಲ್ಲಿ ಅವನ ಕಣ್ಣು ಮುಚ್ಚಿತ್ತಂತೆ. ಹಾರ ತಾನೇ ಹಾಕಿಕೊಂಡ.

ಎಲ್ಲರೂ ಹೊರಟ ಮೇಲೆ ರಾಜಕುಮಾರ ಹಿಂದೆ ಉಳಿದು ಮೆಲ್ಲಗೆ ಕೇಳಿದ:

"ಅಕ್ಕಾ, ಸಾರು ಒಂದೀಟು ಉಳದೈತೇನು?"

"ಇಲ್ಲೋ ತಮ್ಮಾ," ಎಂದೆ. "ಗಡಿಗಿ ತೊಳದು ಬೋರಲ ಹಾಕೀನಿ. ಥಂಡಿ ಮುಗಿಯೂತನ ಅದಕ್ಕ ಕೆಲಸ ಇಲ್ಲ."