ಐದು ಗುಂಡಿಯ ಕೋಟು

ಇಸ್ತ್ರಿಯವರು ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದುದು ಚಳಿಗಲ್ಲ. ಊರಿನ ಫುಟ್‌ಬಾಲ್ ತಂಡದ ಮೇಲೆ ಎದುರಾಳಿಗಳು ಗೋಲು ಹೊಡೆದಾಗ ಮಾತ್ರ, ಗೋಲಿಗೊಂದರಂತೆ, ಕೆಳಗಿನಿಂದ ಮೇಲಕ್ಕೆ. ಗೋಲುಕಂಬದ ಹಿಂದಿನ ಮೆಟ್ಟಿಲ ತುದಿಯೇ ಅವರ ಖಾಯಂ ಜಾಗ. ತಮ್ಮ ಇಸ್ತ್ರಿ ಅಂಗಡಿಯ ಮೇಜಿನ ಮುಂದೆಯೂ ಏಡಿಯಂತೆ ಅಡ್ಡಡ್ಡ ಸರಿಯುವ ನಡಿಗೆ, ಸದಾ ಎದುರಿಗೇ ನೆಟ್ಟ ದೃಷ್ಟಿ, ಯಾರು ಏನೆಂದರೂ ಕೊನೆಗೊಂದು 'ಇರಲಿ ಬಿಡಿ'. ಬೇರೆಯವರ ಬಟ್ಟೆಗಳ ಸುಕ್ಕು ತೆಗೆಯುತ್ತಲೇ ಅವರ ಆಯುಷ್ಯ ಕಳೆದಿತ್ತು.

ಯೌವನದಲ್ಲಿ ಅವರೇ ಆ ತಂಡದ ಗೋಲ್‌ಕೀಪರ್. ಜ್ವರ ಬಿಟ್ಟ ಮರುದಿನ, ಹೆಂಡತಿಯ ಹಟಕ್ಕೆ ಮಣಿದು ಜರ್ಸಿಯ ಮೇಲೆ ಕೋಟು ತೊಟ್ಟು ನಿಂತ ಆ ಒಂದು ಪಂದ್ಯದಲ್ಲಿ, ಚೆಂಡು ಬಲೆಗೆ ಬಿದ್ದಾಗಲೆಲ್ಲ ನಾಚಿಕೆಯಿಂದ ಕೈಗೆ ಬೇರೆ ಕೆಲಸ ಕಾಣದೆ ಒಂದೊಂದೇ ಗುಂಡಿ ಹಾಕಿಕೊಂಡರು. ಐದನೆಯದು ಕುತ್ತಿಗೆ ಮುಟ್ಟಿದಾಗ ಮೆಟ್ಟಿಲ ಮೇಲಿಂದ ಯಾರೋ ಕೂಗಿದರು: "ಸಾಕು ಮಾಡ್ರಪ್ಪಾ, ಕೋಟು ಮುಗೀತು!"

ಊರಿಗೆ ಊರೇ ನಕ್ಕಿತು. ಅಂದಿನಿಂದ ಐದು-ಸೊನ್ನೆಯ ಸೋಲಿಗೆ ಅಲ್ಲಿ 'ಕೋಟು' ಎಂದೇ ಹೆಸರು. ಒಂದು-ಸೊನ್ನೆಗೆ 'ಒಂಟಿ ಗುಂಡಿ', ಎರಡೂ ಕಡೆ ಸೊನ್ನೆಯಾದರೆ 'ಬಿಚ್ಚಿದ ಕೋಟು'. ಅವಮಾನದಿಂದ ಕುಗ್ಗಿದ ಅವರು ಮತ್ತೆಂದೂ ಗೋಲಿನಲ್ಲಿ ನಿಲ್ಲಲಿಲ್ಲ. ಹೆಂಡತಿ ಮಾತ್ರ, "ನಾನು ಹೊಲಿದ ಗುಂಡಿ ಊರಿನವರ ಬಾಯಲ್ಲೆಲ್ಲಾ ಇದೆ ನೋಡಿ" ಎಂದು ಛೇಡಿಸುತ್ತಿದ್ದಳು. ಅವಳೂ ಹೋದಳು, ಜೊತೆಗೆ ಆಡಿದವರೂ ಒಬ್ಬೊಬ್ಬರೇ ಹೋದರು. ಮಾತು ಉಳಿಯಿತು; ಅದು ಯಾರಿಂದ ಬಂತೆಂದು ಬಲ್ಲವರು ಉಳಿಯಲಿಲ್ಲ. ಒಂದು ಕಾಲಕ್ಕೆ ಕೇಳಿದರೆ ಕಿವಿ ಕೆಂಪಾಗುತ್ತಿದ್ದ ಆ ಶಬ್ದವೇ ಈಗ ಅವರಿಗಿದ್ದ ಏಕೈಕ ನೆಂಟ. ಸಾಯುವುದರೊಳಗೆ ಒಬ್ಬರಾದರೂ 'ಓ, ಅದು ನೀವೇನಾ' ಎನ್ನಲಿ, ಬೈದುಕೊಂಡಾದರೂ ಸರಿ, ಎಂಬುದೊಂದೇ ಆಸೆ.

ಒಮ್ಮೆ ಟೀ ಅಂಗಡಿಯಲ್ಲಿ ಇದೇ ಮಾತಿನ ಮೂಲದ ಬಗ್ಗೆ ಜೋರು ವಾದ ನಡೆದಿತ್ತು. ಗೆದ್ದವರಿಗೆ ಯಾರೋ ಸಾಹುಕಾರ ಕೋಟು ಹೊಲಿಸಿಕೊಟ್ಟಿದ್ದನಂತೆ ಎಂದು ಒಬ್ಬ. ಅಲ್ಲ, ರೆಫರಿಯ ಕೋಟು ಎಂದು ಇನ್ನೊಬ್ಬ. ಇಸ್ತ್ರಿಯವರು ಲೋಟ ಕೆಳಗಿಟ್ಟರು.

"ಅದು ನಂದು ಕಣ್ರಪ್ಪಾ. ಇದೇ ಕೋಟು."

"ಹೌದಾ ತಾತ? ಹಾಗಾದ್ರೆ ಫುಟ್‌ಬಾಲ್ ಕಂಡುಹಿಡಿದೋರೂ ನೀವೇ ಇರಬೇಕು."

"ಇರಲಿ ಬಿಡಿ," ಎಂದು ಎದ್ದುಬಂದರು. ಆಮೇಲೆ ಯಾರಿಗೂ ಹೇಳಲು ಹೋಗಲಿಲ್ಲ; ಯಾರಾದರೂ ತಾವಾಗಿಯೇ ಗುರುತಿಸಲಿ ಎಂದು ಕಾದರು.

ಕೊನೆಗೊಂದು ಸಂಜೆ ಊರಿನ ತಂಡ ಮತ್ತೆ ಐದು ಗೋಲುಗಳಿಂದ ಸೋತಿತು. ಮೈದಾನವಿಡೀ ಒಕ್ಕೊರಲಿನಿಂದ "ಕೋಟು, ಕೋಟು" ಎಂದು ಮೊರೆಯಿತು. ಕರೆದವರಿಗೆ ಓಗೊಡುವಂತೆ ಇಸ್ತ್ರಿಯವರು ಎದ್ದು ನಿಂತು, ಐದನೆಯ ಗುಂಡಿಯನ್ನು ಹಾಕಿಕೊಂಡರು. ಪಕ್ಕದವನು ಕೂಗುವುದನ್ನು ನಿಲ್ಲಿಸಿ ಕೋಟನ್ನು ನೋಡಿದ, ಕೈಯನ್ನು ನೋಡಿದ, ಮುಖವನ್ನು ನೋಡಿದ. ಅವರು ಐದೂ ಗುಂಡಿ ಕಾಣುವಂತೆ ಅವನತ್ತ ತಿರುಗಿದರು.

"ಚಳಿನಾ ಯಜಮಾನ್ರೇ?"

"ಹೂಂ, ಸ್ವಲ್ಪ," ಎಂದರು. 'ಇರಲಿ ಬಿಡಿ' ಎನ್ನಲು ಅಂದು ಬಾಯಿ ಬರಲಿಲ್ಲ.

ನಾವು ನಗುನಗುತ್ತಾ ಆಡಿಬಿಡುವ ಎಷ್ಟೋ ಮಾತುಗಳ ಹಿಂದೆ ಇಂಥವರೊಬ್ಬರು ಕುತ್ತಿಗೆಯವರೆಗೆ ಗುಂಡಿ ಹಾಕಿಕೊಂಡು ಕುಳಿತಿರುತ್ತಾರೆ. ಊರೆಲ್ಲ ಕೂಗುತ್ತಿರುವುದು ತಮ್ಮನ್ನೇ, ಆದರೆ ಕರೆಯುತ್ತಿರುವುದು ತಮ್ಮನ್ನಲ್ಲ ಎಂಬುದು ಅವರಿಗೆ ಗೊತ್ತಿರುತ್ತದೆ.